ತೂಗುವ ಬಟ್ಟನ್ನು ತೂಗುವುದು ಯಾವುದು?

ಕಿಲೋಗ್ರಾಂ ಎಂಬುದು ದ್ರವ್ಯರಾಶಿಯ ಅಂತರರಾಷ್ಟ್ರೀಯ ಏಕಮಾನ. ಕಿರಾಣಿ ಅಂಗಡಿಯಲ್ಲಿರುವ ಒಂದು ಕಿಲೋ ಕಬ್ಬಿಣದ ಬಟ್ಟಿನ ತಳದಲ್ಲಿ ಸೀಸ ತುಂಬಿದ ಕುಳಿಯೊಂದು ಇರುತ್ತದೆ. ಆ ಸೀಸದ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದಿರುತ್ತದೆ. ಮುದ್ರೆ ಒತ್ತುವ ಮೊದಲು ಆ ಬಟ್ಟನ್ನು ಇಲಾಖೆಯ ಬಟ್ಟಿನೊಂದಿಗೆ ತೂಗಿ ನೋಡಲಾಗುತ್ತದೆ. ಇಲಾಖೆಯ ಬಟ್ಟಿಗೆ ಅದಕ್ಕಿಂತ ನಿಖರವಾದ ಇನ್ನೊಂದು ಬಟ್ಟು ಆಧಾರ. ಹೀಗೆ ಮೇಲೇರುವ ಸರಪಳಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಮುಟ್ಟುತ್ತದೆ. ಇಲ್ಲಿ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದು ಎದುರಾಗುತ್ತದೆ: ಈ ಸರಪಳಿಯ ಕೊನೆಯ ಕೊಂಡಿ ಯಾವುದು, ಅದು ಸರಿಯೆಂದು ಹೇಳುವವರು ಯಾರು?

ಬೌದ್ಧ ದಾರ್ಶನಿಕ ನಾಗಾರ್ಜುನ ಜ್ಞಾನದ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದ. ವಸ್ತುಗಳನ್ನು ಪ್ರಮಾಣಗಳಿಂದ, ಅಂದರೆ ಅರಿವಿನ ಸಾಧನಗಳಿಂದ, ಅರಿಯುತ್ತೇವೆ ಎನ್ನುವುದಾದರೆ ಆ ಪ್ರಮಾಣಗಳು ಸಿದ್ಧವಾಗುವುದು ಯಾವುದರಿಂದ? ಬೇರೆ ಪ್ರಮಾಣಗಳಿಂದ ಎಂದರೆ ಅದಕ್ಕೆ ಕೊನೆಯೇ ಇಲ್ಲ. ತಾವಾಗಿಯೇ ಎಂದರೆ ಎಲ್ಲಕ್ಕೂ ಪ್ರಮಾಣ ಬೇಕೆಂಬ ಮಾತು ನಿಲ್ಲುವುದಿಲ್ಲ. ಇಂಥದೇ ಆಕ್ಷೇಪಕ್ಕೆ ಗೌತಮನ ನ್ಯಾಯಸೂತ್ರಗಳ ಎರಡನೆಯ ಅಧ್ಯಾಯ ಕೊಡುವ ಉತ್ತರದಲ್ಲಿ ತಕ್ಕಡಿಯ ದೃಷ್ಟಾಂತ ಬರುತ್ತದೆ. ಚಿನ್ನದ ತೂಕವನ್ನು ತಿಳಿಸುವಾಗ ಬಟ್ಟು ಪ್ರಮಾಣ. ತೂಕ ಗೊತ್ತಿರುವ ಚಿನ್ನದಿಂದ ಆ ಬಟ್ಟನ್ನೇ ಪರೀಕ್ಷಿಸುವಾಗ ಅದು ಪ್ರಮೇಯ, ಅಂದರೆ ಅರಿಯಬೇಕಾದ ವಸ್ತು. ಒಂದೇ ವಸ್ತು ಒಮ್ಮೆ ಅಳೆಯುತ್ತದೆ, ಇನ್ನೊಮ್ಮೆ ಅಳತೆಗೆ ಒಳಗಾಗುತ್ತದೆ. ಕಿಲೋಗ್ರಾಂನ ಇನ್ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸ ಈ ಎರಡು ನಿಲುವುಗಳನ್ನೂ ಒರೆಗೆ ಹಚ್ಚಿದೆ.

ಆ ಇತಿಹಾಸ ಆರಂಭವಾಗುವುದು ಫ್ರಾನ್ಸಿನ ಮಹಾಕ್ರಾಂತಿಯಲ್ಲಿ. ಅಲ್ಲಿ ಅಳತೆ ತೂಕಗಳು ಊರಿಂದ ಊರಿಗೆ ಬೇರೆಯಾಗಿದ್ದವು. ಜಮೀನುದಾರರು ತಮ್ಮದೇ ಅಳತೆಯಲ್ಲಿ ಧಾನ್ಯದ ಗೇಣಿ ವಸೂಲು ಮಾಡುತ್ತಿದ್ದರು. ಇಡೀ ದೇಶಕ್ಕೆ ಒಂದೇ ಅಳತೆ ಬೇಕೆಂಬುದು 1789ರಲ್ಲಿ ಜನರು ಬರೆದುಕೊಟ್ಟ ಅಹವಾಲುಗಳಲ್ಲಿ ಮತ್ತೆ ಮತ್ತೆ ಕಾಣುವ ಬೇಡಿಕೆ. ಹೊಸ ಏಕಮಾನವು ಯಾವ ದೊರೆಗೂ ಸೇರದೆ ನಿಸರ್ಗದಿಂದಲೇ ಬರಬೇಕೆಂದು ವಿಜ್ಞಾನಿಗಳು ಬಯಸಿದರು. ಅವರಲ್ಲಿ ಲವಾಸಿಯೇ ಮತ್ತು ಆಯುಯಿ ನೀರಿನ ಸಾಂದ್ರತೆಯನ್ನು ಅಳೆದರು. 1795ರ ಏಪ್ರಿಲ್ 7ರ ಕಾನೂನು, ಕರಗುವ ಹಿಮದ ಉಷ್ಣತೆಯಲ್ಲಿರುವ ಒಂದು ಘನ ಸೆಂಟಿಮೀಟರ್ ಶುದ್ಧ ನೀರಿನ ತೂಕವನ್ನು ಗ್ರಾಂ ಎಂದು ಕರೆಯಿತು. ಅದನ್ನು ನೋಡಲು ಲವಾಸಿಯೇ ಬದುಕಿರಲಿಲ್ಲ. 1794ರ ಮೇ ತಿಂಗಳಲ್ಲಿ ಅದೇ ಕ್ರಾಂತಿಯ ಗಿಲೊಟಿನ್ ಅವನನ್ನು ಬಲಿ ತೆಗೆದುಕೊಂಡಿತ್ತು.

ನೀರು ಎಲ್ಲರಿಗೂ ಸಿಗುತ್ತದೆ, ಆದರೆ ನೀರನ್ನು ನಿಖರವಾಗಿ ತೂಗುವುದು ಕಷ್ಟ. ಆದ್ದರಿಂದ 1799ರಲ್ಲಿ ಸಾವಿರ ಗ್ರಾಂ ನೀರಿಗೆ ಸಮವಾದ ಪ್ಲಾಟಿನಂ ಬಟ್ಟೊಂದನ್ನು ಮಾಡಿ ಪ್ಯಾರಿಸಿನ ಪತ್ರಾಗಾರದಲ್ಲಿ ಇಡಲಾಯಿತು. ನೀರಿನ ಪ್ರತಿನಿಧಿಯಾಗಿ ಬಂದ ಲೋಹ ಕ್ರಮೇಣ ನೀರಿನ ಸ್ಥಾನವನ್ನೇ ಪಡೆಯಿತು. 1875ರ ಮೇ 20ರಂದು 17 ದೇಶಗಳು ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಶೇಕಡಾ 90ರಷ್ಟು ಪ್ಲಾಟಿನಂ ಮತ್ತು 10ರಷ್ಟು ಇರಿಡಿಯಂ ಬೆರೆಸಿ, ಎತ್ತರವೂ ವ್ಯಾಸವೂ ಸುಮಾರು 39 ಮಿಲಿಮೀಟರ್ ಇರುವ ಸಿಲಿಂಡರ್ ಒಂದನ್ನು ತಯಾರಿಸಲಾಯಿತು. 1889ರಲ್ಲಿ ಅದೇ ಅಂತರರಾಷ್ಟ್ರೀಯ ಮೂಲಮಾದರಿ ಎಂದು ಘೋಷಿತವಾಯಿತು. ಪ್ಯಾರಿಸಿನ ಬಳಿಯ ಸೆವ್ರ್‌ನ ನೆಲಮಾಳಿಗೆಯಲ್ಲಿ, ಗಂಟೆಯಾಕಾರದ ಗಾಜಿನ ಮುಚ್ಚಳಗಳ ಅಡಿಯಲ್ಲಿ ಅದನ್ನು ಇರಿಸಲಾಯಿತು. ಅಲ್ಲಿನ ತಿಜೋರಿ ತೆರೆಯಲು ಬೇರೆ ಬೇರೆಯವರ ಬಳಿಯಿದ್ದ ಮೂರು ಕೀಲಿಕೈಗಳು ಒಟ್ಟಿಗೆ ಬೇಕಾಗಿದ್ದವು. ಕಿಲೋಗ್ರಾಂ ತೂಕದ ಏಕಮಾನವಲ್ಲ, ದ್ರವ್ಯರಾಶಿಯ ಏಕಮಾನ ಎಂದು 1901ರಲ್ಲಿ ಸ್ಪಷ್ಟಪಡಿಸಲಾಯಿತು. ತೂಕವು ಭೂಮಿಯ ಸೆಳೆತ. ಧ್ರುವದಿಂದ ಸಮಭಾಜಕಕ್ಕೆ ಬಂದರೆ ಅದು ಸುಮಾರು ಶೇಕಡಾ ಅರ್ಧದಷ್ಟು ತಗ್ಗುತ್ತದೆ. ದ್ರವ್ಯರಾಶಿ ಎಲ್ಲಿ ಹೋದರೂ ಅಷ್ಟೇ.

ಭಾರತಕ್ಕೆ ಬಂದದ್ದು ಈ ಮೂಲಮಾದರಿಯ 57ನೆಯ ಪ್ರತಿ. 1956ರ ಕಾನೂನಿನ ಬೆನ್ನಿಗೆ 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಗೆ ಬಂದು, ಸೇರು, ಮಣಗಳು ವ್ಯವಹಾರದಿಂದ ಹಿಂದೆ ಸರಿದವು.

ಮೂಲಮಾದರಿಯ ವ್ಯಾಖ್ಯೆಯಲ್ಲೊಂದು ವಿಚಿತ್ರವಿತ್ತು. ಆ ಸಿಲಿಂಡರಿನ ದ್ರವ್ಯರಾಶಿಯೇ ಕಿಲೋಗ್ರಾಂ ಆದ್ದರಿಂದ, ಅದು ಒಂದು ಕಿಲೋ ಇದೆಯೇ ಎಂದು ಕೇಳುವುದಕ್ಕೇ ಅರ್ಥವಿರಲಿಲ್ಲ. ಮೀಟರಿಗೆ ಇಂಥದೇ ಮೂಲಮಾದರಿಯಾಗಿದ್ದ ಪ್ಯಾರಿಸಿನ ಸರಳಿನ ಬಗ್ಗೆ ದಾರ್ಶನಿಕ ವಿಟ್‌ಗೆನ್‌ಸ್ಟೈನ್ ಇದನ್ನೇ ಹೇಳಿದ: ಅದು ಒಂದು ಮೀಟರ್ ಉದ್ದವಿದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಇನ್ನೊಬ್ಬ ದಾರ್ಶನಿಕ ಕ್ರಿಪ್ಕೆ ಇದನ್ನು ಒಪ್ಪಲಿಲ್ಲ. ಸರಳು ಏಕಮಾನವನ್ನು ಗುರುತಿಸಲು ನೆರವಾಗುತ್ತದೆ, ಅಷ್ಟೇ. ಕಾದರೆ ಅದು ಹಿಗ್ಗುತ್ತಿತ್ತು, ಆಗ ಅದರ ಉದ್ದ ಬೇರೆಯೇ ಇರುತ್ತಿತ್ತು ಎಂಬುದು ಅವನ ವಾದ.

ಈ ಚರ್ಚೆ ಬರೀ ಮಾತಿನದಲ್ಲ ಎಂಬುದನ್ನು ತಕ್ಕಡಿ ತೋರಿಸಿಕೊಟ್ಟಿತು. 1990ರ ಸುಮಾರಿಗೆ ಮೂಲಮಾದರಿಯನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ನೆನೆಸಿದ ಮೆದು ಚರ್ಮದಿಂದ ಒರೆಸಿ, ಶುದ್ಧ ನೀರಿನ ಹಬೆಯಿಂದ ತೊಳೆದು, ಅದರ ಪ್ರತಿಗಳೊಂದಿಗೆ ಹೋಲಿಸಲಾಯಿತು. ನೂರು ವರ್ಷಗಳಲ್ಲಿ ಅವುಗಳ ನಡುವೆ ಸುಮಾರು 50 ಮೈಕ್ರೋಗ್ರಾಂಗಳಷ್ಟು ಅಂತರ ಬೆಳೆದಿತ್ತು. ವ್ಯಾಖ್ಯೆಯ ಪ್ರಕಾರ ಪ್ರತಿಗಳೇ ಭಾರವಾಗಿದ್ದವು. ಆದರೆ ಒಂದೇ ಲೋಹದಿಂದ ಮಾಡಿ ಒಂದೇ ರೀತಿ ಕಾಪಾಡಿದ ಬಟ್ಟುಗಳಲ್ಲಿ ಒಂದು ಮಾತ್ರ ಬದಲಾಗಲಿಲ್ಲ ಎಂದು ನಂಬಲು ಯಾರಿಗೂ ಕಾರಣವಿರಲಿಲ್ಲ. ಪ್ರಮಾಣದ ಪೀಠದಲ್ಲಿದ್ದ ವಸ್ತುವಿನ ಮೇಲೆ ಅದರ ಪ್ರತಿಗಳೇ ಸಂಶಯ ಹುಟ್ಟಿಸಿದವು. ಅದನ್ನು ಪ್ರಮೇಯವಾಗಿ ಪರೀಕ್ಷಿಸಲು ಬೇರೊಂದು ಆಧಾರ ಬೇಕಾಗಿತ್ತು.

ಆ ಆಧಾರದ ದಿಕ್ಕನ್ನು ಹಿಂದಿನವರೇ ತೋರಿಸಿದ್ದರು. ಶಾಶ್ವತ ಅಳತೆ ಬೇಕಿದ್ದರೆ ಗ್ರಹದ ಗಾತ್ರವನ್ನು ಬಿಟ್ಟು ಎಂದೂ ಬದಲಾಗದ ಅಣುಗಳಲ್ಲಿ ಹುಡುಕಬೇಕೆಂದು 1870ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಹೇಳಿದ್ದ. 1899ರಲ್ಲಿ ಮ್ಯಾಕ್ಸ್ ಪ್ಲಾಂಕ್ ಎಲ್ಲ ಕಾಲಕ್ಕೂ ಎಲ್ಲ ನಾಗರಿಕತೆಗೂ ಸಲ್ಲುವ ನೈಸರ್ಗಿಕ ಏಕಮಾನಗಳನ್ನು ಸೂಚಿಸಿದ್ದ. 2018ರ ನವೆಂಬರ್ 16ರಂದು ವರ್ಸೇಯಲ್ಲಿ ಸೇರಿದ ಅಳತೆ ತೂಕಗಳ ಅಂತರರಾಷ್ಟ್ರೀಯ ಮಹಾಸಭೆ, ನಿಸರ್ಗದಲ್ಲಿ ಎಂದೂ ಬದಲಾಗದ ಪ್ಲಾಂಕ್ ಸ್ಥಿರಾಂಕದ ಬೆಲೆ 6.62607015 × 10⁻³⁴ ಜೌಲ್-ಸೆಕೆಂಡ್ ಎಂದು ನಿಗದಿ ಮಾಡಿ, ಅದರಿಂದಲೇ ಕಿಲೋಗ್ರಾಂ ಅನ್ನು ನಿರೂಪಿಸಿತು. 2019ರ ಮೇ 20ರಂದು ಇದು ಜಾರಿಗೆ ಬಂತು.

ಈ ವ್ಯಾಖ್ಯೆಯ ಆಧಾರದ ಮೇಲೆ ಬಟ್ಟಿನ ದ್ರವ್ಯರಾಶಿಯನ್ನು ಅಳೆಯುವ ಒಂದು ಉಪಕರಣ ಕಿಬಲ್ ತಕ್ಕಡಿ. ಬ್ರಿಟನ್ನಿನ ಬ್ರಯಾನ್ ಕಿಬಲ್ 1975ರಲ್ಲಿ ಅದರ ತತ್ತ್ವವನ್ನು ರೂಪಿಸಿದ. ಮೊದಲು ಬಟ್ಟಿನ ಭಾರವನ್ನು, ಕಾಂತಕ್ಷೇತ್ರದಲ್ಲಿರುವ ತಂತಿಸುರುಳಿಗೆ ವಿದ್ಯುತ್ ಹರಿಸಿ ಸರಿದೂಗಿಸಲಾಗುತ್ತದೆ. ಆಮೇಲೆ ಅದೇ ಸುರುಳಿಯನ್ನು ಗೊತ್ತಾದ ವೇಗದಲ್ಲಿ ಚಲಿಸುವಂತೆ ಮಾಡಿ, ಹುಟ್ಟುವ ವೋಲ್ಟೇಜನ್ನು ಅಳೆಯಲಾಗುತ್ತದೆ. ಎರಡನ್ನೂ ಸೇರಿಸಿದಾಗ ಅಯಸ್ಕಾಂತದ ಬಲ, ತಂತಿಯ ಉದ್ದ ಲೆಕ್ಕದಿಂದ ಬಿಟ್ಟುಹೋಗಿ, ದ್ರವ್ಯರಾಶಿ ಮತ್ತು ಪ್ಲಾಂಕ್ ಸ್ಥಿರಾಂಕದ ನಂಟು ಉಳಿಯುತ್ತದೆ. ಇನ್ನೊಂದು ದಾರಿ, ಸಿಲಿಕಾನ್-28ರಿಂದ ಮಾಡಿದ ಒಂದು ಕಿಲೋ ಗೋಳದಲ್ಲಿರುವ ಪರಮಾಣುಗಳನ್ನು ಲೆಕ್ಕ ಹಾಕುವುದು. ತೀರ ಭಿನ್ನವಾದ ಈ ಎರಡು ದಾರಿಗಳ ಫಲಿತಾಂಶಗಳು ಹೊಂದಿಕೊಂಡ ಮೇಲೆಯೇ ಹೊಸ ವ್ಯಾಖ್ಯೆಗೆ ಒಪ್ಪಿಗೆ ಸಿಕ್ಕಿತು.

ಹಾಗಾದರೆ ಕೊನೆಯ ಕೊಂಡಿ ಈಗ ನಿಸರ್ಗದ ಕೈಯಲ್ಲಿದೆಯೇ? ಅರ್ಧ ಮಾತ್ರ. ಸ್ಥಿರಾಂಕ ನಿಸರ್ಗದ್ದು, ಅದಕ್ಕೆ ಕೊಟ್ಟ ಸಂಖ್ಯೆ ಮನುಷ್ಯರು ಕೂಡಿ ತೀರ್ಮಾನಿಸಿದ್ದು. ಹಳೆಯ ಬಟ್ಟುಗಳು ಒಮ್ಮೆಲೇ ಸುಳ್ಳಾಗದಿರಲಿ ಎಂದೇ ಆ ಸಂಖ್ಯೆಯನ್ನು ಆರಿಸಲಾಯಿತು. ಪ್ರಯೋಗಾಲಯಗಳ ಫಲಿತಾಂಶಗಳಲ್ಲಿ ಇನ್ನೂ ಸಣ್ಣ ವ್ಯತ್ಯಾಸ ಇರುವುದರಿಂದ, 2021ರ ಫೆಬ್ರವರಿಯಿಂದ ಅವುಗಳ ಹೋಲಿಕೆಯಿಂದ ಪಡೆದ ಕಿಲೋಗ್ರಾಂನ ಸಮ್ಮತ ಮೌಲ್ಯವೇ ಬಳಕೆಯಲ್ಲಿದೆ. ಸೆವ್ರ್‌ನ ಸಿಲಿಂಡರ್ ಕೂಡ ಈಗ ಎಲ್ಲ ವಸ್ತುಗಳಂತೆ ತೂಗಿ ನೋಡಬೇಕಾದ ವಸ್ತು.

ಅನವಸ್ಥೆಯ, ಅಂದರೆ ಕೊನೆಯಿಲ್ಲದ ಆಧಾರಗಳ ಸರಪಳಿಯ, ಬಗ್ಗೆ ನಾಗಾರ್ಜುನ ಕೊಟ್ಟ ಎಚ್ಚರಿಕೆ ನಿಜ: ತಾನೇ ತಾನಾಗಿ ಸಿದ್ಧವಾಗಿ ನಿಂತ ಅಳತೆಯನ್ನು ಈ ಇತಿಹಾಸ ಎಲ್ಲೂ ಕಂಡಿಲ್ಲ. ಆದರೂ ಅಳತೆ ಸಾಧ್ಯವಾಗಿದೆ, ಏಕೆಂದರೆ ಪರೀಕ್ಷಿಸುವುದೂ ಪರೀಕ್ಷೆಗೆ ಒಳಗಾಗಬಲ್ಲದೆಂದು ನ್ಯಾಯಸೂತ್ರ ಹೇಳಿದ ಹಾಗೆಯೇ ಅದು ನಡೆದುಬಂದಿದೆ. ಕಿಲೋಗ್ರಾಂ ನಂಬಿಕೆಗೆ ಅರ್ಹವಾಗಿರುವುದು ಅದು ಪ್ರಶ್ನಾತೀತ ಎಂಬುದರಿಂದಲ್ಲ. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವಿಧಾನಗಳಿಂದ ಅದನ್ನು ಮತ್ತೆ ಮತ್ತೆ ಪ್ರಶ್ನಿಸಲು ಅವಕಾಶ ಇರುವುದರಿಂದ.