ಅರವತ್ತರ ನಂತರದ ಉಪವಾಸ

ಬ್ಯಾಂಕಿನವರಿಗೆ 60ಕ್ಕೆ ನಿವೃತ್ತಿ. ಕಥೋಲಿಕರಿಗೆ ಉಪವಾಸದ ಕಡ್ಡಾಯದಿಂದಲೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಬಿಡುಗಡೆ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ 18 ತುಂಬಿದವರು 59 ತುಂಬುವವರೆಗೆ ಉಪವಾಸ ಮಾಡಬೇಕು. ಅದೂ ವರ್ಷಕ್ಕೆ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಮಾಂಸ ಬಿಡುವ ನಿಯಮಕ್ಕೆ ಮಾತ್ರ 14ರಿಂದ ಮೇಲಕ್ಕೆ ಮಿತಿಯಿಲ್ಲ.

ನಮ್ಮೂರ ಕಡೆ ಕಾನೂನು ಓದಿಕೊಂಡು ಯಾರೂ ಉಪವಾಸ ಮಾಡಿದವರಲ್ಲ. ತಪಸ್ಸುಕಾಲ ಬಂತೆಂದರೆ ನಲವತ್ತು ದಿನವೂ ಮಾಂಸವಿಲ್ಲ, ಮದುವೆಯಿಲ್ಲ, ಶುಕ್ರವಾರ ತಪ್ಪದೆ ಶಿಲುಬೆಹಾದಿ. ಭಕ್ತಿ ಇತ್ತು, ನಿಜ. ಸಾರಿನ ವಾಸನೆ ಪಕ್ಕದ ಮನೆಗೆ ಹೋದೀತು ಅನ್ನೋ ಭಯವೂ ಇತ್ತು ಅನ್ನಿ.

ಹೈದರಾಬಾದಿನಲ್ಲಿ ಆ ಪಕ್ಕದ ಮನೆಯೇ ಇಲ್ಲ. ಗನ್‌ಫೌಂಡ್ರಿಯ ಸಂತ ಜೋಸೆಫರ ಪ್ರಧಾನಾಲಯದಲ್ಲಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಪೂಜೆ ಕೇಳಿ, ಹೋದ ವರ್ಷದ ಗರಿ ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಫ್ಲ್ಯಾಟಿನ ಬಾಗಿಲು ಹಾಕಿಕೊಂಡರೆ ಮುಗಿಯಿತು. ಒಳಗೆ ಏನು ಬೇಯುತ್ತದೋ ಕೇಳುವವರಿಲ್ಲ. ಕಾನೂನೂ ಬಿಟ್ಟಿತು, ಊರೂ ಬಿಟ್ಟಿತು. ಇನ್ನು ಯಾರಿಗಾಗಿ ಉಪವಾಸ?

ಸಿದ್ಧ ಉತ್ತರವೊಂದಿದೆ. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸು ಉಪವಾಸವನ್ನು ಜನರಿಗೆ ತೋರಿಸಿಕೊಳ್ಳಬೇಡಿ ಅನ್ನುತ್ತಾರೆ. ಹಾಗಾದರೆ ಯಾರೂ ನೋಡದ ಈ ಊರಿನ ಉಪವಾಸವೇ ಶ್ರೇಷ್ಠ ಅಂತ ಆಯಿತಲ್ಲ? ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಶುಗರ್ ಇದೆ ಅಂತ ಡಾಕ್ಟರ್ ಹೇಳಿದ ಪಥ್ಯವನ್ನೂ ನಾವು ಗುಟ್ಟಾಗಿಯೇ ಮಾಡ್ತೀವಿ. ಅದು ತಪಸ್ಸಾಗುವುದಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಒಂದು ಕಡೆ ಖರ್ಚು ಬರೆದರೆ ಇನ್ನೊಂದು ಕಡೆ ಜಮಾ ಆಗಲೇಬೇಕು. ನಾನು ಬಿಟ್ಟ ಊಟ ಯಾರ ಖಾತೆಗೆ ಜಮಾ ಆಯಿತು? ನನ್ನ ಖಾತೆಗೇ ಆದರೆ ಅದು ಉಳಿತಾಯ, ಉಪವಾಸವಲ್ಲ. ಅದೇ ಅಧ್ಯಾಯದಲ್ಲಿ ಮೊದಲು ದಾನ, ಆಮೇಲೆ ಪ್ರಾರ್ಥನೆ, ಕೊನೆಗೆ ಉಪವಾಸ ಬರುವುದನ್ನು ಗಮನಿಸಿ.

ಈ ವಿಷಯದಲ್ಲಿ ಹೈದರಾಬಾದು ಒಳ್ಳೆಯ ಗುರು. 2025ರಲ್ಲಿ ಮಾರ್ಚ್ 2ಕ್ಕೆ ರಂಜಾನ್ ಉಪವಾಸ ಶುರುವಾಯಿತು, 5ಕ್ಕೆ ನಮ್ಮ ವಿಭೂತಿ ಬುಧವಾರ. ಊರಿಗೆ ಊರೇ ಹಸಿದಿತ್ತು, ಸಂಜೆಯಾದರೆ ಹಲೀಮಿನ ಘಮ. ಮುಸ್ಲಿಂ ಗೆಳೆಯರು ಈ ತಿಂಗಳಲ್ಲೇ ಜಕಾತ್ ಲೆಕ್ಕ ಹಾಕ್ತಾರೆ: ವರ್ಷ ಪೂರ್ತಿ ಕೈಯಲ್ಲಿ ಉಳಿದ ಹಣದಲ್ಲಿ ಶೇಕಡಾ 2.5. ಹಸಿವಿನ ಜೊತೆ ಲೆಕ್ಕವೂ ಇದೆ. ನಮ್ಮಲ್ಲಿ ಕಾರಿತಾಸ್ ಇಂಡಿಯಾದ ತಪಸ್ಸುಕಾಲದ ಅಭಿಯಾನವಿದೆ, ಆದರೆ ಎಷ್ಟು ಕೊಡಬೇಕೆಂಬುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಮನಸ್ಸಾಕ್ಷಿಗೆ ಆಡಿಟ್ ಇಲ್ಲ ಅನ್ನೋದೇ ಕಷ್ಟ.

ಹಾಗಾದರೆ ದುಡ್ಡು ಕೊಟ್ಟರೆ ಸಾಲದೆ, ಹೊಟ್ಟೆ ಯಾಕೆ ಕಾಯಿಸಬೇಕು ಅಂತ ನೀವು ಕೇಳಬಹುದು. ಪಿಂಚಣಿದಾರನಿಗೆ ಒಂದು ಕೆಜಿ ಕೋಳಿಯ ದುಡ್ಡು ದೊಡ್ಡದಲ್ಲ, ಕೊಟ್ಟು ಮರೆತುಬಿಡುತ್ತಾನೆ. ಬೆಳಿಗ್ಗೆ ಹನ್ನೊಂದಕ್ಕೆ ಹೊಟ್ಟೆ ಚುರುಗುಟ್ಟಿದಾಗ ಮಾತ್ರ, ಕೆಲಸ ಹುಡುಕಿಕೊಂಡು ಮಹಬೂಬ್‌ನಗರದಿಂದ ಬಂದು ನಮ್ಮ ಗೇಟಿನಲ್ಲಿ ಕೂತ ವಾಚ್‌ಮನ್ ಇವತ್ತು ತಿಂದನೋ ಇಲ್ಲವೋ ಅನ್ನೋ ಪ್ರಶ್ನೆ ಏಳುತ್ತದೆ. ಅವನೂ ಊರು ಬಿಟ್ಟವನೇ. ಅವನ ಹಸಿವಿಗೆ ತಪಸ್ಸುಕಾಲದ ಹೆಸರಿಲ್ಲ, ನಲವತ್ತು ದಿನದ ಮಿತಿಯೂ ಇಲ್ಲ.

ಆದ್ದರಿಂದ ಕಾನೂನು ಬಿಟ್ಟರೂ ನಾನು ಉಪವಾಸ ಬಿಟ್ಟಿಲ್ಲ. ಮಾತ್ರೆ ನುಂಗಲು ಎಷ್ಟು ಬೇಕೋ ಅಷ್ಟು ತಿಂತೀನಿ. ನೋಡುವವರು ಇಲ್ಲದಿದ್ದರೆ ಪರವಾಗಿಲ್ಲ, ಉಳಿದದ್ದನ್ನು ಪಡೆಯುವವರೊಬ್ಬರು ಇರಬೇಕು.