ಅದೇ ಹಾಡು, ಅದೇ ತಟ್ಟೆಯಲ್ಲ

2012ರ ಅಕ್ಟೋಬರಿನಲ್ಲಿ ಬೀಟಲ್ಸ್ ತಂಡದ ಮೊದಲ ಸಿಂಗಲ್ 'ಲವ್ ಮಿ ಡು'ಗೆ ಐವತ್ತು ತುಂಬಿತು. ಇಎಂಐ ಕಂಪನಿ ಆ ಏಳಿಂಚಿನ ತಟ್ಟೆಯನ್ನು ಮೂಲದ ಪಡಿಯಚ್ಚಿನಂತೆ ಮತ್ತೆ ಒತ್ತಿಸಿತು. ಆಮೇಲೆ ಎಡವಟ್ಟು ಗೊತ್ತಾಯಿತು. 1962ರ ಮೊದಲ ತಟ್ಟೆಯಲ್ಲಿ ಡ್ರಮ್ಸ್ ಬಾರಿಸಿದವರು ರಿಂಗೋ ಸ್ಟಾರ್. ಹೊಸ ತಟ್ಟೆಗೆ ಹತ್ತಿದ್ದು ಸ್ಟುಡಿಯೋ ಕಲಾವಿದ ಆಂಡಿ ವೈಟ್ ಡ್ರಮ್ಸ್ ಬಾರಿಸಿ, ರಿಂಗೋ ಬರೀ ಟ್ಯಾಂಬರೀನ್ ಹಿಡಿದು ಕೂತ ಇನ್ನೊಂದು ಧ್ವನಿಮುದ್ರಣ. ಕಂಪನಿ ತಟ್ಟೆಗಳನ್ನು ವಾಪಸು ಕರೆಸಿಕೊಂಡು, ಸರಿಪಡಿಸಿ ಮತ್ತೆ ಹೊರತಂದಿತು. ಅಷ್ಟರಲ್ಲಿ ಒಂದಿಷ್ಟು ಪ್ರತಿಗಳು ಕೈ ಜಾರಿಹೋಗಿದ್ದವು. ಸಂಗ್ರಾಹಕರು ಬೆನ್ನುಹತ್ತಿದ್ದು ತಿದ್ದಿದ ತಟ್ಟೆಯನ್ನಲ್ಲ, ತಪ್ಪಿದ ತಟ್ಟೆಯನ್ನು.

ಹಳೆಯ ರಾಕ್ ಸಿಂಗಲ್‌ಗಳನ್ನು ಮರುಮುದ್ರಿಸಿ, ಚಂದದ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುವುದು ಈಗ ದೊಡ್ಡ ವ್ಯಾಪಾರ. 'ದಿ ಹೂ' ತಂಡದ ಸಿಂಗಲ್‌ಗಳು 2015ರಿಂದ ಬ್ರನ್ಸ್‌ವಿಕ್, ರಿಯಾಕ್ಷನ್, ಟ್ರ್ಯಾಕ್, ಪಾಲಿಡೋರ್ ಎಂದು ಲೇಬಲ್ಲಿಗೊಂದು ಪೆಟ್ಟಿಗೆಯಾಗಿ ಬಂದವು. ರೋಲಿಂಗ್ ಸ್ಟೋನ್ಸ್‌ನ ಮೊದಲ ವರ್ಷಗಳ ತಟ್ಟೆಗಳು 2022ರಲ್ಲಿ ಒಟ್ಟುಗೂಡಿದವು. ಬೀಟಲ್ಸ್ ಪೆಟ್ಟಿಗೆ ಬಂದದ್ದು 2019ರ ನವೆಂಬರಿನಲ್ಲಿ: 23 ತಟ್ಟೆ, 46 ಹಾಡು, ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಹೊಸದಾಗಿ ಕೊರೆದ ಗೆರೆಗಳು. ಕಟ್ಟಾ ಅಭಿಮಾನಿಗಳು ಇವನ್ನು ಕೊಳ್ಳುತ್ತಾರೆ. ಕೊಂಡು ಗೊಣಗುತ್ತಾರೆ. ಗೊಣಗುತ್ತಲೇ ಮುಂದಿನ ಪೆಟ್ಟಿಗೆಗೆ ಮುಂಗಡ ಕಟ್ಟುತ್ತಾರೆ.

ಹೊರಗಿನವರಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ. ಹಾಡು ಅದೇ, ಗೀರಿಲ್ಲ, ಕರಕರ ಇಲ್ಲ, ಇನ್ನೇನು ಬೇಕು? ಆದರೆ ಈ 'ಅದೇ' ಎಂಬುದರ ಬಗ್ಗೆ, ರಾಕ್ ಸಂಗೀತ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಭಾರತದ ದಾರ್ಶನಿಕರು ಪಟ್ಟು ಹಿಡಿದು ಜಗಳಾಡಿದ್ದರು. ಮೀಮಾಂಸಕರ ಪ್ರಕಾರ ಶಬ್ದ ನಿತ್ಯ. 'ಗ' ಎಂದು ಹತ್ತು ಜನ ಹತ್ತು ಸಲ ಉಚ್ಚರಿಸಿದರೂ ಅಲ್ಲಿರುವುದು ಒಂದೇ ಗಕಾರ. ಉಚ್ಚಾರಣೆ ಅದನ್ನು ಹುಟ್ಟಿಸುವುದಿಲ್ಲ, ಪ್ರಕಟಿಸುತ್ತದೆ ಅಷ್ಟೆ. ಕೇಳಿದವರೆಲ್ಲ 'ಇದು ಅದೇ' ಎಂದು ಗುರುತಿಸುವುದೇ ಅದಕ್ಕೆ ಸಾಕ್ಷಿ. ನೈಯಾಯಿಕರು ಒಪ್ಪಲಿಲ್ಲ. ಶಬ್ದ ಹುಟ್ಟುತ್ತದೆ, ಸಾಯುತ್ತದೆ, ಮತ್ತೆ ಕೇಳಿಸುವುದು ಬೇರೆಯದೇ ಶಬ್ದ. ದೀಪದ ಕುಡಿ ಕ್ಷಣಕ್ಷಣಕ್ಕೂ ಹೊಸತಾದರೂ ಅದೇ ಎಂದು ತೋರುವಂತೆ, ಹೋಲಿಕೆ ನಮ್ಮನ್ನು ಏಮಾರಿಸುತ್ತದೆ ಎಂದರು.

ಪೆಟ್ಟಿಗೆ ಮಾರುವ ಕಂಪನಿ ಗೊತ್ತಿಲ್ಲದೆಯೇ ಮೀಮಾಂಸಕರ ಪಕ್ಷ. ಹಾಡು ಎಂಬುದೊಂದು ನಿತ್ಯವಾಗಿದೆ, ತಟ್ಟೆ ಅದನ್ನು ಮತ್ತೊಮ್ಮೆ ಪ್ರಕಟಿಸುತ್ತದೆ. ಗೊಣಗುವ ಅಭಿಮಾನಿ ನೈಯಾಯಿಕ.

ಅವನ ಕೈಯಲ್ಲಿ ಆಧಾರಗಳೂ ಇವೆ. ವಿನೈಲ್ ತಟ್ಟೆ ಪುಸ್ತಕದ ಪ್ರತಿಯಂಥದ್ದಲ್ಲ. ಟೇಪಿನಿಂದ ಲ್ಯಾಕರ್ ಫಲಕಕ್ಕೆ ಗೆರೆ ಕೊರೆಯಬೇಕು, ಅದರಿಂದ ಲೋಹದ ಅಚ್ಚು, ಅಚ್ಚಿನಿಂದ 'ಮದರ್', ಮದರ್‌ನಿಂದ 'ಸ್ಟ್ಯಾಂಪರ್', ಕೊನೆಗೆ ತಟ್ಟೆ. ಒತ್ತುತ್ತ ಹೋದಂತೆ ಸ್ಟ್ಯಾಂಪರ್ ಸವೆಯುತ್ತದೆ. ಬ್ರಿಟನ್ನಿನ ಇಎಂಐ ಕಾರ್ಖಾನೆ ಪ್ರತಿ ಸ್ಟ್ಯಾಂಪರಿಗೂ ಗುಪ್ತ ಲಿಪಿಯಲ್ಲಿ ಅಂಕೆ ಹಾಕುತ್ತಿತ್ತು: ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ ಎಂಬ ಅಕ್ಷರಗಳು ಕ್ರಮವಾಗಿ ಒಂದರಿಂದ ಒಂಬತ್ತು ಮತ್ತು ಸೊನ್ನೆ. 'ಗ್ರಾಮಫೋನ್ ಕಂಪನಿ ಲಿಮಿಟೆಡ್' ಎಂಬ ಹೆಸರನ್ನೇ ಮೊಟಕುಗೊಳಿಸಿ ಮಾಡಿದ ಲೆಕ್ಕ. ಗೆರೆಗಳು ಮುಗಿದು ಲೇಬಲ್ ಶುರುವಾಗುವ ಬೋಳು ಜಾಗದಲ್ಲಿ ಒಂಟಿ 'ಜಿ' ಕಂಡರೆ ಅದು ಮೊದಲ ಸ್ಟ್ಯಾಂಪರಿನ ಕೂಸು. ಭೂತಗನ್ನಡಿ ಹಿಡಿದು ಈ ಅಕ್ಷರಗಳನ್ನು ಓದುವವರಿಗೆ 'ಹಾಡು ಅದೇ ತಾನೆ' ಎಂದು ಹೇಳಿ ಪ್ರಯೋಜನವಿಲ್ಲ. ಅವರು ಓದುತ್ತಿರುವುದು ವಂಶಾವಳಿ.

ಹಾಗಾದರೆ ಮೂಲ ಯಾವುದು, ಟೇಪೋ ತಟ್ಟೆಯೋ? 2019ರ ಪೆಟ್ಟಿಗೆ ಟೇಪಿಗೆ ನಿಷ್ಠ. ಆದರೆ 1964ರ ಹುಡುಗಿಯೊಬ್ಬಳು ಲಿವರ್‌ಪೂಲಿನ ಮನೆಯಲ್ಲಿ ಕೇಳಿದ್ದು ಟೇಪನ್ನಲ್ಲ. ಒಂದೇ ಸ್ಪೀಕರಿನ ಸಣ್ಣ ಪ್ಲೇಯರಿನಲ್ಲಿ ಮುಳ್ಳು ಹಾರದಿರಲಿ ಎಂದು ಇಎಂಐನ ಎಂಜಿನಿಯರುಗಳು ಮಂದ್ರದ ಸದ್ದನ್ನು ಹದ್ದಿನಲ್ಲಿಟ್ಟು ಕೊರೆದ ತಟ್ಟೆಯನ್ನು ಅವಳು ಕೇಳಿದ್ದು. ಟೇಪಿನಲ್ಲಿದ್ದ ಬಾಸ್ ಅವಳ ಕಿವಿಗೆ ಪೂರ್ತಿ ಬೀಳಲೇ ಇಲ್ಲ. ಇಂದು ಅದನ್ನು ಪೂರ್ತಿ ಕೇಳಿಸುವ ತಟ್ಟೆ ಹೆಚ್ಚು ನಿಜವೂ ಹೌದು, ಅವಳ ನೆನಪಿಗೆ ಅಪರಿಚಿತವೂ ಹೌದು. ಇನ್ನು 'ಲವ್ ಮಿ ಡು' ವಿಷಯಕ್ಕೆ ಬಂದರೆ 'ಟೇಪೇ ಮೂಲ' ಎಂಬ ವಾದ ಮೊದಲ ಸಿಂಗಲ್ಲಿನಲ್ಲೇ ಮುಗ್ಗರಿಸುತ್ತದೆ. ರಿಂಗೋ ಬಾರಿಸಿದ ಆ ಮುದ್ರಣದ ಮಾಸ್ಟರ್ ಟೇಪ್ ಉಳಿದಿಲ್ಲ. ಮುಂದೆ ಅದನ್ನು ಮತ್ತೆ ಹೊರತರಲು ಸವೆಯದ ಹಳೆಯ ತಟ್ಟೆಯೊಂದರಿಂದಲೇ ಸದ್ದು ಇಳಿಸಿಕೊಳ್ಳಬೇಕಾಯಿತು.

ಕವರುಗಳದ್ದು ಇನ್ನೊಂದು ತಮಾಷೆ. ಬ್ರಿಟನ್ನಿನಲ್ಲಿ ಬೀಟಲ್ಸ್ ಸಿಂಗಲ್‌ಗಳು ಬಹುಪಾಲು ಪಾರ್ಲೋಫೋನ್ ಕಂಪನಿಯ ಸಾದಾ ಹಸಿರು ಲಕೋಟೆಯಲ್ಲಿ ಬರುತ್ತಿದ್ದವು. 2019ರ ಪೆಟ್ಟಿಗೆಯವರು ಅಂದ ಹೆಚ್ಚಿಸಲು ಬೇರೆ ಬೇರೆ ದೇಶಗಳ ಚಿತ್ರಸಹಿತ ಕವರುಗಳನ್ನು ಆರಿಸಿ ತೊಡಿಸಿದರು. ಲಂಡನ್ನಿನ ಹಾಡಿಗೆ ಪರದೇಶದ ಅಂಗಿ. ಯಾವ ದೇಶದಲ್ಲೂ, ಯಾವ ವರ್ಷದಲ್ಲೂ ಯಾರ ಕಪಾಟಿನಲ್ಲೂ ಹೀಗಿರದಿದ್ದ ಭೂತಕಾಲವೊಂದು ಇಲ್ಲಿ ಪೆಟ್ಟಿಗೆಯಾಗಿದೆ.

ಇಷ್ಟರವರೆಗೆ ನೈಯಾಯಿಕನದೇ ಮೇಲುಗೈ. ಅವನ ಸೊಕ್ಕು ಇಳಿದದ್ದು 2022ರ ಬೇಸಿಗೆಯಲ್ಲಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿ ಹಳೆಯ ಆಲ್ಬಂಗಳ ದುಬಾರಿ ಮರುಮುದ್ರಣಕ್ಕೆ ಹೆಸರಾದದ್ದು. ಡಿಜಿಟಲ್ ಸೋಂಕಿಲ್ಲದ ಶುದ್ಧ ಅನಲಾಗ್ ಎಂದೇ ಶ್ರೋತೃಗಳು ಅದರ ತಟ್ಟೆಗಳನ್ನು ನಂಬಿದ್ದರು. ಮೈಕೆಲ್ ಜಾಕ್ಸನ್ನನ 'ಥ್ರಿಲ್ಲರ್' ಆಲ್ಬಮ್ಮಿನ 40,000 ಪ್ರತಿ ತರುವುದಾಗಿ ಕಂಪನಿ ಹೇಳಿದಾಗ, ಮೂಲ ಟೇಪನ್ನು ಅಷ್ಟು ಸಲ ಓಡಿಸಲು ಬಿಡುವವರು ಯಾರು ಎಂಬ ಅನುಮಾನ ಹುಟ್ಟಿತು. ಅರಿಜೋನಾದ ಫೀನಿಕ್ಸ್‌ನ ಅಂಗಡಿಯವರೊಬ್ಬರು ಅದನ್ನು ಬಹಿರಂಗವಾಗಿ ಕೇಳಿದರು. ಕಂಪನಿಯ ಎಂಜಿನಿಯರುಗಳು ಒಪ್ಪಿಕೊಂಡರು: ನಡುವೆ ಡಿಜಿಟಲ್ ಹಂತವಿದೆ, ವರ್ಷಗಳಿಂದ ಇದೆ. ಮೊಕದ್ದಮೆ ನಡೆದು 2.5 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಡಿಜಿಟಲ್ ಎಂದರೆ ಮೂಗು ಮುರಿಯುತ್ತಿದ್ದ ಕಿವಿಗಳೇ ಆ ತಟ್ಟೆಗಳನ್ನು ಅಷ್ಟು ಕಾಲ ಹೊಗಳಿದ್ದವು.

ನಗುವವರು ನಕ್ಕರು. ಆದರೆ ಆ ಶ್ರೋತೃಗಳ ಸಿಟ್ಟನ್ನು ಬರೀ ಪೆದ್ದುತನ ಎನ್ನಲಾಗದು. ಕಾಶಿಯಿಂದ ತಂದು ದೇವರ ಮನೆಯಲ್ಲಿಟ್ಟ ಗಂಗೆಯ ತಾಲಿಯಲ್ಲಿ ನಲ್ಲಿ ನೀರಿತ್ತು ಎಂದು ತಿಳಿದರೆ, ರುಚಿಯಲ್ಲಿ ಫರಕಿರಲಿಲ್ಲವಲ್ಲ ಎಂದು ಯಾರೂ ಸಮಾಧಾನ ಪಡುವುದಿಲ್ಲ. ಭಕ್ತನಿಗೆ ಬೇಕಾದದ್ದು ರುಚಿಯಲ್ಲ, ಹರಿದು ಬಂದ ದಾರಿ. ರಾಕ್ ಅಭಿಮಾನಿ ತನ್ನ ಹಂಬಲವನ್ನು ಕಿವಿಯ ಮೇಲೆ ಹೊರಿಸಿದ್ದೇ ಎಡವಟ್ಟು. ಅವನು ಅರಸುತ್ತಿರುವುದು ಶಬ್ದವನ್ನೇ ಅಲ್ಲ, ಹಾಗಾಗಿ ಮೀಮಾಂಸಕರೂ ನೈಯಾಯಿಕರೂ ಅವನ ಪಾಲಿಗೆ ಅರ್ಧ ವಕೀಲರು. ಆ ಕಾಲದಲ್ಲಿ, ಮುಂದೆ ಏನಾಗುವುದೋ ಗೊತ್ತಿಲ್ಲದವರ ಕೈಯಲ್ಲಿ ತಯಾರಾದ ವಸ್ತು ಅವನಿಗೆ ಬೇಕು.

ಇದಕ್ಕೆ ಒಳ್ಳೆಯ ಸಾಕ್ಷಿ ಕಲ್ಕತ್ತೆಯಲ್ಲಿದೆ. ಬ್ರಿಟನ್ನಿನಲ್ಲಿ 78 ಸುತ್ತಿನ ಅರಗಿನ ತಟ್ಟೆಗಳ ಕಾಲ ಮುಗಿದುಹೋಗಿದ್ದರೂ ಭಾರತದ ಮನೆಗಳಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಇನ್ನೂ ಹಾಡುತ್ತಿದ್ದವು. ಅದಕ್ಕೆಂದು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದ ದಮ್‌ದಮ್ ಕಾರ್ಖಾನೆ ಬೀಟಲ್ಸ್ ಹಾಡುಗಳನ್ನೂ 78ರಲ್ಲೇ ಒತ್ತಿತು. ಬಿದ್ದರೆ ಒಡೆಯುವ, ಮುಳ್ಳಿನಡಿ ಸುಂಯ್‌ಗುಟ್ಟುವ ಆ ತಟ್ಟೆಗಳಿಗೆ ಇವತ್ತು ಲೋಕವೆಲ್ಲ ಬೇಡಿಕೆ. ನಾದದ ಲೆಕ್ಕದಲ್ಲಿ 2019ರ ಯಾವ ತಟ್ಟೆಯ ಎದುರೂ ಅವು ನಿಲ್ಲಲಾರವು. 1962ರಲ್ಲಿ ಪ್ರಚಾರಕ್ಕೆಂದು ಒತ್ತಿದ 'ಲವ್ ಮಿ ಡು'ವಿನ 250 ಪ್ರತಿಗಳಲ್ಲಿ ತಂಡದ ಪಾಲ್ ಮೆಕಾರ್ಟ್ನಿಯ ಹೆಸರಿನ ಕಾಗುಣಿತ ತಪ್ಪಿದೆ, ಅವಕ್ಕಂತೂ ಕೇಳಬೇಡಿ.

ಹಾಗಾಗಿ ಪೆಟ್ಟಿಗೆ ತೃಪ್ತಿ ಕೊಡದಿರುವುದು ಅದರ ಕುಂದಿನಿಂದಲ್ಲ, ಕುಂದಿಲ್ಲದ್ದರಿಂದ. ತಾನು ಚರಿತ್ರೆ ಎಂದು ಗೊತ್ತಿದ್ದೇ ಹುಟ್ಟಿದ ವಸ್ತು ಅದು. ಆದರೂ ಕಾಲ ಪೆಟ್ಟಿಗೆಗಳನ್ನೂ ಸುಮ್ಮನೆ ಬಿಡುವುದಿಲ್ಲ. 1976ರಲ್ಲಿ ಇಎಂಐ ಬೀಟಲ್ಸ್‌ನ 22 ಸಿಂಗಲ್‌ಗಳನ್ನೂ ಹಸಿರು ಕವರಿನಲ್ಲಿ ಮತ್ತೆ ತಂದಾಗ ಅದು ಅಪ್ಪಟ ವ್ಯಾಪಾರ. ಜೊತೆಗೆ, ಬ್ರಿಟನ್ನಿನಲ್ಲಿ ಅದುವರೆಗೆ ಸಿಂಗಲ್ ಆಗಿಯೇ ಬಂದಿರದಿದ್ದ 'ಯೆಸ್ಟರ್‌ಡೇ'ಯನ್ನೂ ಹೊರಡಿಸಿದರು. ಅದು ಎಂಟನೇ ಸ್ಥಾನಕ್ಕೇರಿತು. ಬ್ರಿಟನ್ನಿನ ಮೊದಲ ಮುದ್ರಣವೇ ಬೇಕೆಂದು ಹಟ ಹಿಡಿದವರು 'ಯೆಸ್ಟರ್‌ಡೇ' ಸಿಂಗಲ್ಲಿಗಾಗಿ ಈಗ ಆ ಮರುಮುದ್ರಣದ ಸಾಲನ್ನೇ ತಡಕಬೇಕು. 2019ರ ಪೆಟ್ಟಿಗೆಯಲ್ಲೂ ಅಂಥದ್ದೊಂದಿದೆ. 22 ತಟ್ಟೆಗಳು ಹಳೆಯವುಗಳ ನಕಲು. ಇಪ್ಪತ್ತಮೂರನೆಯದರಲ್ಲಿ, 1995–96ರಲ್ಲಿ ಬೇರೆಬೇರೆಯಾಗಿ ಬಂದಿದ್ದ 'ಫ್ರೀ ಆ್ಯಸ್ ಎ ಬರ್ಡ್' ಮತ್ತು 'ರಿಯಲ್ ಲವ್' ಮೊದಲ ಬಾರಿಗೆ ಒಂದೇ ತಟ್ಟೆಯ ಎರಡು ಮಗ್ಗುಲಾಗಿವೆ. ಜೋಡಿಯಾಗಿ ಅವಕ್ಕೆ ಬೇರೆ ಮೂಲವಿಲ್ಲ, ಭೂತಗನ್ನಡಿಯವರು ಅದನ್ನು ಈಗಲೇ ಬೇರೆ ಸಾಲಿನಲ್ಲಿ ಎತ್ತಿಡಬಹುದು.