ಹಿಡಿಸಿದ ಊರು, ಹಿಡಿಸದ ಊರು ಮತ್ತು ಊರಿನ ಋಣ

ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದೇ ಇನ್ನೊಂದು ಊರು ಹಿಡಿಸದೆ ಹೋದದ್ದರಿಂದ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತು. ಸುತ್ತ ಕಾವೇರಿ, ನಡುವೆ ಕೋಟೆ, ಕೋಟೆಯೊಳಗೆ ಬಿಟ್ಟೂ ಬಿಡದ ಜ್ವರ. ಹತ್ತು ವರ್ಷ ಹೇಗೋ ತಡೆದುಕೊಂಡು 1809ರಲ್ಲಿ ಸೈನ್ಯ ಗಂಟುಮೂಟೆ ಕಟ್ಟಿ ಹಲಸೂರಿನ ಪಕ್ಕದ ಬಯಲಿಗೆ ಬಂದಿತು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದ ತಣ್ಣನೆಯ ಗಾಳಿ ಅವರ ಮೈಗೆ ಒಗ್ಗಿತು, ಊರು ಮೆಚ್ಚುಗೆಯಾಯಿತು. ಆದರೆ ಅವರು ಬಿಟ್ಟುಬಂದ ಆ ಜ್ವರದ ಊರು ಶ್ರೀವೈಷ್ಣವ ಯಾತ್ರಿಕನಿಗೆ ಆದಿರಂಗ. ಕಾವೇರಿಯ ಗುಂಟ ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗಕ್ಕೆ ಹೊರಟವನು ಮೊದಲು ಕೈಮುಗಿಯುವ ಜಾಗ. ಒಂದೇ ಕೋಟೆ, ಒಂದೇ ಹೊಳೆ, ಒಂದೇ ಸೊಳ್ಳೆ. ಒಬ್ಬನಿಗೆ ಅಲ್ಲಿ ಒಂದು ಮಳೆಗಾಲ ಕಳೆಯುವುದೇ ಶಿಕ್ಷೆ, ಇನ್ನೊಬ್ಬನಿಗೆ ಜನ್ಮದಲ್ಲೊಮ್ಮೆ ಹೋಗಿ ಬಂದರೆ ಸಾಕು. ಇವರಲ್ಲಿ ಊರನ್ನು ಸರಿಯಾಗಿ ಕಂಡವರು ಯಾರು?

ದೇಶ ಸುತ್ತಿ ಬಂದವರು ಹಾಕುವ ‘ಬಹಳ ಹಿಡಿಸಿದ ಊರು, ಒಂದಿಷ್ಟೂ ಹಿಡಿಸದ ಊರು’ ಎಂಬ ಪಟ್ಟಿಗಳ ಅಡಿಯಲ್ಲಿ ಇರುವುದು ಇದೇ ಪ್ರಶ್ನೆ. ಕನ್ನಡ ನೆಲದಲ್ಲಿ ಸಾವಿರ ವರ್ಷಕ್ಕೂ ಮೀರಿ ಬಾಳಿದ ಜೈನ ತರ್ಕದಲ್ಲಿ ಇದಕ್ಕೊಂದು ಉತ್ತರವಿದೆ. ಯಾವ ಮಾತೂ ಒಂದು ನೆಲೆಯಿಂದ ನೋಡಿದಾಗ ಮಾತ್ರ ನಿಜ. ‘ಒಂದು ಬಗೆಯಲ್ಲಿ’ ಎಂದು ಸೇರಿಸದೆ ಆಡಿದ ಮಾತು ಅರೆಸತ್ಯ. ಹಾಗಾಗಿ ಸಿಪಾಯಿಯೂ ಸರಿ, ಯಾತ್ರಿಕನೂ ಸರಿ. ಉತ್ತರ ಒಪ್ಪುವಂಥದ್ದೇ, ಆದರೆ ಅರ್ಧ ದಾರಿಯಲ್ಲಿ ನಮ್ಮನ್ನು ಬಿಟ್ಟುಹೋಗುತ್ತದೆ. ನೆಲೆಗಳು ಹಲವು ಎಂದು ಒಪ್ಪಿದ ಮೇಲೂ ಅವೆಲ್ಲಕ್ಕೂ ಒಂದೇ ತೂಕವೇ ಎಂಬುದು ಹಾಗೆಯೇ ಉಳಿಯುತ್ತದೆ. ನನ್ನ ವಾದ ಇಷ್ಟೇ: ಊರು ಹಿಡಿಸಿತೋ ಇಲ್ಲವೋ ಎಂದು ತೂಗುವವನು ಊರಿನಿಂದ ತನಗೇನು ದಕ್ಕಿತು ಎಂಬುದನ್ನು ಮಾತ್ರ ಬರೆದಿಡುತ್ತಾನೆ. ತಾನು ಆ ಊರಿಗೆ ಏನು ಬಾಕಿ ಉಳಿಸಿಕೊಂಡೆ ಎಂಬ ಪುಟವನ್ನು ತೆರೆಯುವುದೇ ಇಲ್ಲ. ಆ ಪುಟ ತೆರೆಯದೆ ಕೊಟ್ಟ ತೀರ್ಪು, ಅದು ಹೊಗಳಿಕೆಯೇ ಇರಲಿ ತೆಗಳಿಕೆಯೇ ಇರಲಿ, ಊರಿಗಿಂತ ಹೆಚ್ಚಾಗಿ ತೀರ್ಪುಗಾರನನ್ನೇ ತೋರಿಸುತ್ತದೆ. ‘ಆ ಊರಿನ ಅನ್ನದ ಋಣ ಇತ್ತು, ಹೋದೆವು, ತೀರಿತು, ಬಂದೆವು’ ಎಂದು ಹಿರಿಯರು ಹೇಳುವಾಗ ಊರು ಚೆಂದವಿತ್ತೇ ಎಂಬ ಮಾತೇ ಏಳುವುದಿಲ್ಲ. ಅವರು ರಸಿಕರಲ್ಲ ಎಂದಲ್ಲ, ಅವರ ಅಳತೆಗೋಲೇ ಬೇರೆ.

ತೀರ್ಪು ತೀರ್ಪುಗಾರನನ್ನೇ ತೋರಿಸುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ದಂಡಿನಲ್ಲೇ ಇದೆ. 1896ರ ಅಕ್ಟೋಬರಿನಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದೊಂದಿಗೆ ಇಲ್ಲಿಗೆ ಬಂದಿಳಿದ ವಿನ್‌ಸ್ಟನ್ ಚರ್ಚಿಲ್‌ಗೆ ಆಗ 21 ವರ್ಷ. ಆ ದಿನಗಳಲ್ಲಿ ತಾಯಿಗೆ ಬರೆದ ಪತ್ರದಲ್ಲಿ ಆತ ಬೆಂಗಳೂರನ್ನು ಕಡಲೂ ಇಲ್ಲದ, ಹಂಗಾಮೂ ಮುಗಿದ ಮೂರನೇ ದರ್ಜೆಯ ವಿಹಾರಧಾಮವೆಂಬಂತೆ ಹಳಿದ. 1930ರಲ್ಲಿ ಆತ್ಮಕಥನ ಬರೆಯುವಾಗ ಅದೇ ಊರಿನ ಹವೆ, ಅದೇ ಬಂಗಲೆ, ಅಂಗಳದ ಗುಲಾಬಿ ಎಲ್ಲವೂ ಸೊಗಸಾಗಿ ಕಂಡವು. ಗಿಬ್ಬನ್, ಮೆಕಾಲೆ, ಪ್ಲೇಟೋ ಓದಿಕೊಂಡು ತನ್ನ ಬುದ್ಧಿಯನ್ನು ತಾನೇ ಸಾಣೆ ಹಿಡಿದದ್ದು ಇಲ್ಲಿನ ಬಿಡುವಿನ ಮಧ್ಯಾಹ್ನಗಳಲ್ಲೇ. ಊರು ಬದಲಾಗಿರಲಿಲ್ಲ, ಬೇಸತ್ತ ಯುವಕ ಹೆಸರು ಮಾಡಿದ ಮುದುಕನಾಗಿದ್ದ. ಅವನ ಎರಡೂ ತೀರ್ಪುಗಳಿಗಿಂತ ನನಗೆ ಹೆಚ್ಚು ನಂಬಿಕೆಯಾಗುವ ದಾಖಲೆ ಇನ್ನೊಂದಿದೆ. ಇಂದಿನ ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ, ವಸೂಲಾಗದೆಂದು ಕೈಬಿಟ್ಟ ಬಾಕಿಗಳ ನಡುವೆ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಎಂದಿದೆ. ಜನ ಇದನ್ನು ನಗೆಚಾಟಿಕೆಯ ಸಂಗತಿಯಾಗಿ ಹೇಳಿಕೊಳ್ಳುತ್ತಾರೆ. ನಗಲಿ ಬಿಡಿ. ಆದರೆ ಕುದುರೆಗೆ ಹುಲ್ಲು ತಂದವರು, ಬಟ್ಟೆ ಒಗೆದವರು, ಆ ಗುಲಾಬಿಗೆ ನೀರು ಹೊತ್ತವರು ಇಟ್ಟುಕೊಂಡ ಲೆಕ್ಕದ ಪುಸ್ತಕವೇ ಇಲ್ಲವಲ್ಲ, ಅಲ್ಲಿ ಬಾಕಿ ಎಷ್ಟಿತ್ತು?

ಇಂದಿನ ಪಟ್ಟಿಗಳು ಒಬ್ಬನ ಲಹರಿಯಲ್ಲ, ಅಂಕಿಗಳ ಮೇಲೆ ನಿಂತವು ಎನ್ನಬಹುದು. ಹಾಗಾದರೆ ಅಂಕಿಗಳನ್ನೇ ನೋಡೋಣ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವಾಹನ ದಟ್ಟಣೆಯ ನಗರ ಬೆಂಗಳೂರು. ರಸ್ತೆ ಖಾಲಿಯಿದ್ದಾಗ ಬೇಕಾಗುವುದಕ್ಕಿಂತ ಸರಾಸರಿ ಶೇ. 71ರಷ್ಟು ಹೆಚ್ಚು ಹೊತ್ತು ಬೇಕಿತ್ತು. ಒಂದು ವರ್ಷ ದಾಟುತ್ತಲೇ, 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಪೈಕಿ ಮೊದಲ ಸ್ಥಾನವೂ ಬೆಂಗಳೂರಿಗೇ ಬಂತು. ಎರಡೂ ಸುಳ್ಳಲ್ಲ, ಕೇಳಿದ ಪ್ರಶ್ನೆ ಬೇರೆ ಬೇರೆ ಅಷ್ಟೆ. ಲಂಡನ್ನಿನ ಎಕನಾಮಿಸ್ಟ್ ಬಳಗ ಪ್ರತಿವರ್ಷ ಹೊರಡಿಸುವ ವಾಸಯೋಗ್ಯ ನಗರಗಳ ಪಟ್ಟಿಯ ಕಥೆ ಇನ್ನೂ ಸ್ವಾರಸ್ಯದ್ದು. ಪರದೇಶಕ್ಕೆ ವರ್ಗವಾಗುವ ನೌಕರನಿಗೆ ಕಷ್ಟಭತ್ಯೆ ಎಷ್ಟು ಕೊಡಬೇಕೆಂದು ಕಂಪನಿಗಳು ನಿರ್ಧರಿಸುವುದು ಅದರ ಬಳಕೆಗಳಲ್ಲೊಂದು. ಅಲ್ಲಿ ವರ್ಷಗಳಿಂದ ತೀರಾ ಕೆಳಗಿರುವ ಊರು ಡಮಾಸ್ಕಸ್. ಯುದ್ಧದಲ್ಲಿ ಬೆಂದ ಊರಿಗೆ ಆ ಸ್ಥಾನ ಅನ್ಯಾಯವೆಂದು ಹೇಳಲಾರೆ. ಆದರೆ ಸಂತ ಪೌಲನ ಬಾಳು ಮಗುಚಿದ್ದು ಆ ಊರಿನ ದಾರಿಯಲ್ಲಿ, ಸೂಫಿ ಇಬ್ನ್ ಅರಬಿ ಮಲಗಿರುವುದು ಅಲ್ಲಿ, ಉಮಯ್ಯದ್ ಮಸೀದಿಯಲ್ಲಿ ಪ್ರವಾದಿ ಯಹ್ಯಾರ ಸ್ಮಾರಕವಿರುವುದೂ ಅಲ್ಲಿಯೇ. ಕಷ್ಟಭತ್ಯೆ ಲೆಕ್ಕ ಹಾಕುವ ಕೋಷ್ಟಕದಲ್ಲಿ ಇದಕ್ಕೆ ಅಂಕಣವಿಲ್ಲ.

ಆ ಅಂಕಣ ಹೇಗಿದ್ದೀತು ಎಂದು ತಿಳಿಯಬೇಕಾದರೆ ಸೆಪ್ಟೆಂಬರ್ ಮೊದಲ ವಾರ ಶಿವಾಜಿನಗರವನ್ನು ನೋಡಬೇಕು. ಸೌಖ್ಯ ಬಯಸುವ ಪ್ರವಾಸಿಯ ಪಟ್ಟಿಯಲ್ಲಿ ಈ ಬಡಾವಣೆಗೆ ಒಳ್ಳೆಯ ಅಂಕ ಸಿಗುವುದು ಕಷ್ಟ. ಬಸ್ ನಿಲ್ದಾಣದ ನೂಕುನುಗ್ಗಲು, ರಸೆಲ್ ಮಾರುಕಟ್ಟೆಯ ಮೀನು ಮಾಂಸದ ವಾಸನೆ, ಕಾಲಿಡಲು ಜಾಗವಿಲ್ಲದ ಗಲ್ಲಿ. ಅದರ ನಡುವೆ ಸಂತ ಮೇರಿ ಬೆಸಿಲಿಕಾಕ್ಕೆ ಕಾವಿ ಬಣ್ಣದ ಸೀರೆ, ಕಾವಿ ಪಂಚೆ ತೊಟ್ಟು ಹರಕೆ ಹೊತ್ತ ಸಾವಿರಾರು ಜನ ಬರುತ್ತಾರೆ. ಒಳಗಿರುವ ಮಾತೆಯ ವಿಗ್ರಹಕ್ಕೂ ಸೀರೆ ಉಡಿಸಿರುತ್ತಾರೆ. 8ನೇ ತಾರೀಖು ತೇರು ಹೊರಡುತ್ತದೆ. ಬ್ಲ್ಯಾಕ್‌ಪಲ್ಲಿ ಎಂದು ಆಗ ಕರೆಯುತ್ತಿದ್ದ ಈ ಜಾಗದಲ್ಲಿ 19ನೇ ಶತಮಾನದ ಮೊದಲ ದಶಕಗಳಲ್ಲಿ ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಬುನಾದಿ ಹಾಕಿದವನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಮೂವತ್ತು ವರ್ಷ ಈ ದೇಶದಲ್ಲಿದ್ದು, ಇಲ್ಲಿನವರಂತೆ ಉಟ್ಟು, ಇಲ್ಲಿನವರಂತೆ ಉಂಡು, 1823ರಲ್ಲಿ ಹಿಂತಿರುಗಿದವನು. ಹೋಗುವ ಹೊತ್ತಿಗೆ ಅವನ ತೀರ್ಪು ಕಹಿಯಾಗಿತ್ತು: ಇಲ್ಲಿ ಕ್ರೈಸ್ತ ಧರ್ಮ ಬೇರೂರುವ ಆಸೆ ಇಲ್ಲ. ಅವನು ಬಿಟ್ಟುಹೋದ ಪುಟ್ಟ ಮಂದಿರದ ಜಾಗದಲ್ಲಿ ಎದ್ದ ಇಗರ್ಜಿಗೆ 1973ರಲ್ಲಿ ಬೆಸಿಲಿಕಾ ಪದವಿ ಬಂತು. ‘ನಾಲ್ಕು ದಿನ ಇದ್ದವನ ಮಾತು ಬಿಡಿ, ನಾಲ್ಕು ವರ್ಷ ಇದ್ದರೆ ಊರು ತಿಳಿಯುತ್ತದೆ’ ಎನ್ನುವವರು ದ್ಯುಬುವಾನನ್ನು ನೆನೆಯಬೇಕು. ಎಷ್ಟು ಕಾಲ ಇದ್ದ ಎಂಬುದು ಇಲ್ಲಿ ಮುಖ್ಯವಲ್ಲ. ಹರಕೆ ಹೊತ್ತು ಒಂದೇ ದಿನಕ್ಕೆ ಬರುವವಳು ಆ ಗಲ್ಲಿಗೆ ಅಂಕ ಕೊಡುವುದಿಲ್ಲ. ಅವಳು ತೀರಿಸಲು ಬಂದವಳು.

ಇಷ್ಟವೋ ಕಷ್ಟವೋ, ಅದು ಅವರವರ ಅಭಿರುಚಿ, ಯಾರಿಗೇನು ನಷ್ಟ ಎಂಬ ಆಕ್ಷೇಪ ಸಹಜ. ನಷ್ಟವಿದೆ, ಏಕೆಂದರೆ ಅಭಿರುಚಿ ಊರು ಕಟ್ಟುತ್ತದೆ. ದಂಡು ಪ್ರದೇಶವೇ ಬಂದವರ ಅಭಿರುಚಿಗೆ ತಕ್ಕಂತೆ ಕಟ್ಟಿದ ಊರು: ವಿಶಾಲ ಬಂಗಲೆ, ಕವಾಯತು ಮೈದಾನ, ಕ್ಲಬ್ಬು. ಅದಕ್ಕೆ ಊಳಿಗ ಮಾಡಿದವರು ಬ್ಲ್ಯಾಕ್‌ಪಲ್ಲಿಯ ಇಕ್ಕಟ್ಟಿನಲ್ಲಿ ಉಳಿದರು. 1898ರಲ್ಲಿ ಪ್ಲೇಗು ಬಂದಾಗ ಆ ಇಕ್ಕಟ್ಟಿನ ಬೆಲೆ ತೆತ್ತವರೂ ಅವರೇ; ಫ್ರೇಜರ್ ಟೌನಿನಂಥ ಗಾಳಿ ಬೆಳಕಿನ ಬಡಾವಣೆಗಳ ಯೋಚನೆ ಬಂದದ್ದು ಆಮೇಲೆ. ಇಂದಿರಾನಗರದ ಕಥೆ ನಮ್ಮ ಕಣ್ಣ ಮುಂದಿನದು. ಮನೆ ಕಟ್ಟಿಕೊಂಡು ಬಾಳಲೆಂದು ಮಾಡಿದ ಬಡಾವಣೆಯ ನೂರಡಿ ರಸ್ತೆ ಇವತ್ತು ಊರ ಹೊರಗಿನವರು ಮೆಚ್ಚಿ ಹೊಗಳುವ ಪಬ್ಬು, ಹೋಟೆಲುಗಳ ಸಾಲು. ಅದರ ಹಿಂದಿನ ಅಡ್ಡರಸ್ತೆಗಳ ನಿವಾಸಿಗಳು ನಡುರಾತ್ರಿಯ ಸದ್ದಿನ ಬಗ್ಗೆ ವರ್ಷಗಟ್ಟಲೆ ದೂರು ಕೊಡುತ್ತ ಬಂದಿದ್ದಾರೆ. ಮೆಚ್ಚುಗೆಯೇ ಮುಳುವಾದ ಊರುಗಳು ಹೊರಗೂ ಇವೆ. ವೆನಿಸ್ 2024ರ ಏಪ್ರಿಲ್‌ನಿಂದ ಒಂದು ದಿನಕ್ಕೆಂದು ಬಂದುಹೋಗುವವರಿಗೆ ಪ್ರವೇಶ ಶುಲ್ಕ ಹಾಕತೊಡಗಿತು. ಬಾರ್ಸಿಲೋನಾ 2028ರ ಹೊತ್ತಿಗೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗಳ ಪರವಾನಗಿಯನ್ನೇ ನಿಲ್ಲಿಸುವುದಾಗಿ ಹೇಳಿದೆ. ಎರಡೂ ಊರು ಎಲ್ಲರ ಮೆಚ್ಚಿನ ಪಟ್ಟಿಯಲ್ಲಿ ಇದ್ದೇ ಇರುತ್ತವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಋಣದ ಮಾತೆತ್ತಿದರೆ ಟೀಕೆಯ ಬಾಯಿ ಕಟ್ಟಿದಂತಾಗುವುದಿಲ್ಲವೇ? ಉಂಡ ಮನೆಯ ಸಾರಿಗೆ ಉಪ್ಪಿಲ್ಲ ಎನ್ನಬಾರದೆಂಬ ಕಟ್ಟಳೆಯಲ್ಲಿ ಕೊಳೆತದ್ದು ಕೊಳೆಯುತ್ತಲೇ ಇರುವುದಿಲ್ಲವೇ? ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ. 1916ರ ಫೆಬ್ರವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಆರಂಭೋತ್ಸವದಲ್ಲಿ ಗಾಂಧೀಜಿ ವಿಶ್ವನಾಥನ ಗುಡಿಯ ಗಲ್ಲಿಗಳ ಹೊಲಸನ್ನು ರಾಜಮಹಾರಾಜರ ಎದುರೇ ಎತ್ತಿ ಆಡಿದರು. ಆ ಹೊಲಸನ್ನು ಅವರಿಗಿಂತ ಮೊದಲು ಎಷ್ಟೋ ಐರೋಪ್ಯ ಪ್ರವಾಸಿಗಳು ಮೂಗು ಮುಚ್ಚಿಕೊಂಡು ಬರೆದಿದ್ದರು, ಯಾರ ಮೈಯೂ ಉರಿದಿರಲಿಲ್ಲ. ಗಾಂಧೀಜಿಯ ಮಾತು ಚುಚ್ಚಿತು, ಏಕೆಂದರೆ ‘ನಮ್ಮ ಗುಡಿಯೇ ಹೀಗಿದ್ದರೆ ನಮ್ಮ ಸ್ವರಾಜ್ಯ ಹೇಗಿದ್ದೀತು’ ಎಂಬ ಧಾಟಿಯಲ್ಲಿ ಅವರು ತಮ್ಮನ್ನೂ ಸೇರಿಸಿಕೊಂಡು ಕೇಳಿದರು. ಹಿಡಿಸದವನು ‘ಇನ್ನೊಮ್ಮೆ ಇತ್ತ ತಲೆ ಹಾಕುವುದಿಲ್ಲ’ ಎಂದು ರೈಲು ಹತ್ತುತ್ತಾನೆ, ಅಲ್ಲಿಗೆ ಅವನ ಟೀಕೆ ಮುಗಿಯಿತು. ಬಾಕಿ ಇಟ್ಟುಕೊಂಡವನ ಟೀಕೆ ಮುಗಿಯುವುದಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ದೋಣಿವಿಹಾರಕ್ಕೆ ಬಂದವರು ಬೇರೆ ಜಾಗ ನೋಡಿಕೊಳ್ಳಬಹುದಿತ್ತು. ದಡದಲ್ಲಿ ಮನೆ ಇದ್ದವರಿಗೆ ಆ ಆಯ್ಕೆ ಇರಲಿಲ್ಲ.

ವೇದಾಂತಿಗಳ ಆಕ್ಷೇಪಕ್ಕೆ ಹೆಚ್ಚು ಜಾಗ ಬೇಕಿಲ್ಲ. ಪ್ರಿಯ ಅಪ್ರಿಯಗಳೆರಡೂ ರಾಗದ್ವೇಷವೇ, ಗೀತೆಯ ಸ್ಥಿತಪ್ರಜ್ಞನಿಗೆ ಎಲ್ಲ ಊರೂ ಒಂದೇ ಎನ್ನುತ್ತಾರೆ ಅವರು. ಇರಬಹುದು. ಆದರೆ ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿ ಎಂದು ಸಂನ್ಯಾಸಿಗೆ ನಿಯಮ ಮಾಡಿದವರು ಮೋಹ ಅಂಟದಿರಲಿ ಎಂದಷ್ಟೇ ಯೋಚಿಸಿದರೆಂದು ನನಗೆ ಅನಿಸುವುದಿಲ್ಲ. ಭಿಕ್ಷೆ ಹಾಕುವ ಮನೆಗೆ ಹೊರೆಯಾಗದಿರಲಿ ಎಂಬುದೂ ಅದರೊಳಗಿದೆ. ತೀರ್ಥಯಾತ್ರೆಯನ್ನು ಕಟುವಾಗಿ ಪ್ರಶ್ನಿಸಿದ ಶರಣರೂ ದಾಸೋಹವನ್ನು ಕೈಬಿಡಲಿಲ್ಲ. ಮನಸ್ಸು ಸಮನಾಗಿದ್ದರೂ ಬಾಕಿ ಬಾಕಿಯೇ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೆಂಗಳೂರಿನದೇ. ಋಣದ ಮಾತು ಇಲ್ಲಿ ಬಹಳ ಬೇಗ ದೊಣ್ಣೆಯಾಗುತ್ತದೆ: ಈ ನೆಲದ ಅನ್ನ ತಿನ್ನುತ್ತೀಯ, ಬಾಯಿ ಮುಚ್ಚಿಕೊಂಡಿರು. ಅಪಾಯ ನಿಜ. ಕೃಷ್ಣರಾಜಪುರದ ರೈಲು ನಿಲ್ದಾಣದಲ್ಲಿ, 2022ರ ಜೂನ್‌ನಲ್ಲಿ ರೈಲು ಓಡಾಟ ಆರಂಭವಾದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಒಡಿಶಾ, ಬಂಗಾಳ, ಅಸ್ಸಾಮಿನ ರೈಲುಗಳಿಂದ ಹೆಗಲ ಚೀಲದೊಂದಿಗೆ ಇಳಿಯುವವರನ್ನು ಯಾರೂ ಪ್ರವಾಸಿ ಎಂದು ಕರೆಯುವುದಿಲ್ಲ, ಯಾವ ಊರು ಹಿಡಿಸಿತೆಂದು ಕೇಳುವುದೂ ಇಲ್ಲ. ನಾಲ್ಕಾರು ಊರುಗಳ ಕೂಲಿ, ಬಾಡಿಗೆ, ಮೇಸ್ತ್ರಿಯ ನಡತೆ ತೂಗಿ ನೋಡಿ ಬಂದವರು ಅವರು; ಊರುಗಳ ಬಗ್ಗೆ ಅವರ ತೀರ್ಪು ನಮ್ಮ ಪಟ್ಟಿಗಳಿಗಿಂತ ಕರಾರುವಾಕ್ಕಾಗಿದ್ದೀತು. ಆದರೆ ಲೆಕ್ಕ ಎರಡೂ ಕಡೆಯದು ಎಂದು ಒಪ್ಪಿದರೆ ದೊಣ್ಣೆ ಹಿಡಿದವನ ಕೈ ತಡೆಯುತ್ತದೆ. ವೈಟ್‌ಫೀಲ್ಡ್‌ವರೆಗೆ ಮೇಲೆದ್ದ ಕಟ್ಟಡಗಳನ್ನು ಕಟ್ಟಿದವರಿಗೆ ಈ ಊರು ಬಾಕಿ ಇದೆ. ದಂಡಿನ ಕಾಲದಲ್ಲಿ ಮದರಾಸು ಸೀಮೆಯಿಂದ ಬಂದು ಹಲಸೂರಿನಲ್ಲಿ ನೆಲೆಸಿ ಶಾಲೆ, ಛತ್ರ ಕಟ್ಟಿಸಿದವರಿಗೂ ಬಾಕಿ ಇದೆ. ಬಂದವರು ಈ ಊರಿನ ಕನ್ನಡಕ್ಕೆ ಬಾಕಿ ಇದ್ದಾರೆ. ನಾಲ್ಕು ಮಾತು ಕಲಿತರೆ ಅದು ಸೌಜನ್ಯವಲ್ಲ, ಕಂತು ಕಟ್ಟಿದ ಹಾಗೆ. ಮತ್ತು ಇಲ್ಲಿ ಇರುವವರು, ಬಂದವರು ಎಲ್ಲರೂ ಸೇರಿ ಬಾಕಿ ಇರುವ ಜಾಗ ಒಂದಿದೆ. ಜ್ವರಕ್ಕೆ ಅಂಜಿ ಸೈನ್ಯ ಬಿಟ್ಟುಬಂದ ಊರನ್ನು ಬಳಸಿ ಹರಿಯುವ ಅದೇ ಹೊಳೆಯ ನೀರು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪುಗಳಲ್ಲಿ ಮೇಲೇರಿ ಇಂದಿರಾನಗರದ ಹೋಟೆಲಿನ ಲೋಟಕ್ಕೂ ಶಿವಾಜಿನಗರದ ಬೀದಿ ನಲ್ಲಿಗೂ ಬರುತ್ತಿದೆ. ಬೆಂಗಳೂರು ಮೆಚ್ಚಿನ ಊರೋ ಮೆಚ್ಚದ ಊರೋ ಎಂದು ಬರೆಯಲು ಕೂತವರು ಮಂಡ್ಯದ ಗದ್ದೆಬಯಲಿನ ಹೆಸರನ್ನೂ ಅದೇ ಸಾಲಿನಲ್ಲಿ ಬರೆಯಲಿ.